ಎರಡು ಬೆರಳು ಅಂಚು

ನಮ್ಮಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ; ನನಗೂ ಅದೇ ಬಂದಿದೆ. ಮೂವತ್ತು ವರ್ಷ ದಾಖಲೆ ಕಚೇರಿಯಲ್ಲಿ ಹಳೆಯ ರಿಜಿಸ್ಟರುಗಳಿಗೆ ಬೈಂಡಿಂಗ್ ಹಾಕಿದ ಮನುಷ್ಯ, ನಿವೃತ್ತನಾದ ಮೇಲೆ ಅದೇ ಬಾಗಿಲಿಗೆ ಅರ್ಜಿ ಹಿಡಿದು ಅಲೆಯಬೇಕಾಯಿತು. ಅಪ್ಪನ ಅಜ್ಜ ಕಡಲಾಚೆಯಿಂದ ಹಡಗಿನಲ್ಲಿ ಈ ದೇಶಕ್ಕೆ ಕೂಲಿಗೆ ಬಂದವನು; ಹಾಗೆ ಬಂದವರ ಹೆಸರು, ಊರು ಬರೆದಿಟ್ಟ ರಿಜಿಸ್ಟರುಗಳು ಆ ಕಚೇರಿಯಲ್ಲೇ ಇದ್ದವು. ಮಗನಿಗೆ ಬುದ್ಧಿ ಬರುವ ಮೊದಲೇ ತೀರಿಕೊಂಡ. ಅವನು ಯಾವ ಊರಿನವನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದ ದೊಡ್ಡತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಸಾಯುವ ಮೊದಲು ಆ ಊರಿನ ಹೆಸರು ಕೇಳಲೇಬೇಕೆಂಬ ಹಟ.

ಐದು ತಿಂಗಳು "ನಾಳೆ ಬನ್ನಿ" ಅಂದರು. ಕಿಟಕಿಯ ಗುಮಾಸ್ತ ಅಪ್ಪನ ಜೊತೆ ಇಪ್ಪತ್ತು ವರ್ಷ ಚಹಾ ಕುಡಿದವನು. ಈಗ ಗುರುತೇ ಇಲ್ಲದವನ ಹಾಗೆ ಅರ್ಜಿ ನಂಬರ್ ಕೇಳುತ್ತಿದ್ದ.

ಕೊನೆಗೊಂದು ಬುಧವಾರ ರಿಜಿಸ್ಟರು ಮೇಜಿಗೆ ಬಂತು. ನಾನೇ ಬೆರಳಿಟ್ಟು ಓದಿದೆ. ಹೆಸರು, ವಯಸ್ಸು ಹತ್ತೊಂಬತ್ತು, ತಂದೆಯ ಹೆಸರು, ಎಡಗೆನ್ನೆಯ ಮೇಲೆ ಗಾಯದ ಗುರುತು. ಕೊನೆಯದು ಊರಿನ ಅಂಕಣ. ಅದರಲ್ಲಿ ಒಂದೇ ಒಂದು ಅಕ್ಷರವಿತ್ತು. ಅಲ್ಲಿಗೆ ಕಾಗದವೇ ಮುಗಿದಿತ್ತು, ನುಣ್ಣಗೆ.

"ಯಾವ ಮುಠ್ಠಾಳ ಕತ್ತರಿಸಿದ್ದು ಇದನ್ನ?" ಅಪ್ಪ ಮೇಜು ಗುದ್ದಿದ. "ಅಕ್ಷರ ಇರೋದು ಕಾಣ್ಲಿಲ್ವಾ ಅವನ ಕಣ್ಣಿಗೆ?"

ಬೈಯುತ್ತಲೇ ರಟ್ಟು ತಿರುಗಿಸಿದ. ಬೆನ್ನಿನ ಹೊಲಿಗೆ ನೀಲಿ ದಾರದ್ದು, ತುದಿಯಲ್ಲಿ ಜೋಡಿ ಗಂಟು. ಆ ಕಟ್ಟಡದಲ್ಲಿ ನೀಲಿ ದಾರದಲ್ಲಿ ಹೊಲಿಯುತ್ತಿದ್ದವನು ಒಬ್ಬನೇ. ಅಪ್ಪ ತಾನೇ ಹಾಕಿದ್ದ ಆ ಗಂಟನ್ನು ಹೆಬ್ಬೆರಳಿನಿಂದ ಸವರಿದ.

ಗುಮಾಸ್ತ ಇಣುಕಿ ನೋಡಿ, "ಮಾಡಿದ್ದುಣ್ಣೋ ಮಹಾರಾಯ" ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಸಾಹೇಬರ ಅಪ್ಪಣೆಯ ಕಥೆಯನ್ನು ಅಪ್ಪ ಮನೆಯಲ್ಲಿ ನೂರು ಸಲ ಹೇಳಿದ್ದ. ನಾನು ಗುಮಾಸ್ತನ ಮೇಲೆ ಹರಿಹಾಯ್ದೆ: "ಪುಸ್ತಕ ಕಪಾಟಿಗೆ ಹಿಡಿಸ್ತಿಲ್ಲ, ಎಲ್ಲದರ ಅಂಚು ಎರಡೆರಡು ಬೆರಳು ತೆಗಿ ಅಂದಿದ್ದು ನಿಮ್ಮ ಸಾಹೇಬ್ರಲ್ವಾ? ದೊಡ್ಡ ಕಪಾಟು ಮಾಡಿಸೋ ಯೋಗ್ಯತೆ ಇರ್ಲಿಲ್ಲ, ನಮ್ಮ ಮುತ್ತಜ್ಜನ ಊರು ಕತ್ತರಿಸಿದ್ರಿ. ಇನ್ನೆಷ್ಟು ಜನರ ಊರು ಹೋಯ್ತೋ!" ಗುಮಾಸ್ತ ಕಿಟಕಿ ಮುಚ್ಚಿಕೊಂಡ.

ಮನೆಗೆ ಬಂದಾಗ ದೊಡ್ಡತ್ತೆ ಎದ್ದು ದಿಂಬಿಗೆ ಒರಗಿ ಕೂತಿದ್ದಳು. "ಸಿಕ್ತೇನೋ ಊರು?"

ಏನಾದರೊಂದು ಹೆಸರು ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅಪ್ಪ ಬಿಡಲಿಲ್ಲ.

"ಇತ್ತು ಕಣಕ್ಕ. ನಾನೇ ಕತ್ತರಿಸಿ ಕಸಕ್ಕೆ ಹಾಕಿದೀನಿ."

ಅತ್ತೆ ಅವನ ಕೈಗಳನ್ನು ನೋಡಿದಳು. "ಕತ್ತರಿಸೋ ಮುಂಚೆ ಒಂದ್ಸಲ ಓದೋಕೇನಾಗಿತ್ತೋ ನಿಂಗೆ?"

"ಓದ್ತಾ ಕೂತ್ರೆ ಬೈತಿದ್ರು, ಅಕ್ಕ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಮೂರು ವಾರಕ್ಕೆ ಹೋದಳು. ಅಲ್ಲಿಯವರೆಗೂ ಅಪ್ಪನ ಜೊತೆ ಮಾತಾಡಲಿಲ್ಲ.