ಎರಡೂ ಗಂಡೇ

ಕಪ್ಪೆಯನ್ನು ಹಿಡಿಯುವ ಮೊದಲು ಅವರು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಬಕೆಟ್ಟಿನ ನೀರಿನಲ್ಲಿ ಅದ್ದುತ್ತಿದ್ದರು. ಬಳೆಯಿಲ್ಲದ ಕೈಗಳು. ಎಡಗೈಯಲ್ಲಿದ್ದ ದೊಡ್ಡ ಗಡಿಯಾರ ತೀರಿಹೋದ ಗಂಡನದು. ಅದನ್ನು ಬಿಚ್ಚಿ ಮುಂದಿನ ಬೆಂಚಿನ ಹುಡುಗಿಗೆ ಕೊಡುತ್ತಿದ್ದರು. "ಒಣಕೈ ತಾಗಿದರೆ ಇದಕ್ಕೆ ತೊಂದರೆ. ಇದು ಚರ್ಮದಲ್ಲೂ ಉಸಿರಾಡುತ್ತೆ," ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಬೇತಮಂಗಲದ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಡಂ, ನಾನು ಡ್ರಿಲ್ ಮೇಷ್ಟ್ರು. ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರುತ್ತಿದ್ದವರು ನಾವಿಬ್ಬರೇ. ಅವರು ಚಿನ್ನದ ಗಣಿಯ ಊರಿಗಾಂನಿಂದ ಬಸ್ಸಿನಲ್ಲಿ ಬಂದು ಸಂಜೆ ತಪ್ಪದೆ ಹಿಂದಿರುಗುತ್ತಿದ್ದರು. ಮನೆಯಲ್ಲಿ ಮಾವ ಒಬ್ಬರೇ. ಗಣಿಯೊಳಗೆ ದುಡಿದು ಶ್ವಾಸಕೋಶದ ತುಂಬ ಧೂಳು ತುಂಬಿಕೊಂಡಿದ್ದವರು. "ಕಪ್ಪೆಗೆ ಉಸಿರಿಗೆ ಎರಡು ದಾರಿ ಸಾರ್. ನಮ್ಮ ಮಾವನವರಿಗೆ ಒಂದೇ, ಅದೂ ಮುಚ್ಚಿಹೋಗ್ತಿದೆ," ಎಂದು ಒಮ್ಮೆ ನನ್ನೊಡನೆ ಅಂದಿದ್ದರು.

ಕೆರೆಯ ಅಂಚಿಗೆ ಮಕ್ಕಳನ್ನು ಕರೆದೊಯ್ಯುವಾಗ ಸಾಲು ಕಾಯಲು ನನ್ನನ್ನೂ ಕರೆಯುತ್ತಿದ್ದರು. ಹಾಗೆ ನಾನೂ ಕಲಿತೆ. ಒರಟು ಮೈಯ ನೆಲಗಪ್ಪೆಯ ಮೊಟ್ಟೆ ಮಣಿಸರದಂತೆ ಉದ್ದಕ್ಕೆ ಇರುತ್ತದೆ. ಬೆರಳ ತುದಿಯಲ್ಲಿ ಅಂಟುಬಿಲ್ಲೆಗಳಿರುವ ಮರಗಪ್ಪೆ ನೊರೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಇನ್ನೊಂದು ಜಾತಿಯ ಕಪ್ಪೆ ಹಿಂಗಾಲುಗಳಿಂದ ಅಗೆಯುತ್ತ ಹಿಮ್ಮುಖವಾಗಿಯೇ ಮಣ್ಣಿಗಿಳಿದು ಮಳೆಗೆ ಕಾಯುತ್ತದೆ. ಯಾರಾದರೂ "ಅಂಗಂತೆ ಮೇಡಂ" ಎಂದರೆ ಸಾಕು, "ನೋಡಿದೆಯಾ? ನೋಡಿ ಬಾ, ಆಮೇಲೆ ಹೇಳು" ಎಂದು ಗದರುತ್ತಿದ್ದರು.

ಒಂದು ವರ್ಷ ಮಳೆ ಕೈಕೊಟ್ಟಿತು. ಊರಿನವರು ಕಪ್ಪೆಗಳಿಗೆ ಮದುವೆ ಮಾಡಲು ಹೊರಟರು. ಹಿಂದಿನ ಸಲ ಜೋಡಿ ಸರಿಯಿರಲಿಲ್ಲವೆಂದು ಯಾರೋ ತಕರಾರು ತೆಗೆದಿದ್ದರಿಂದ ಊರ ಯಜಮಾನ ಎರಡು ಕಪ್ಪೆಗಳ ಬುಟ್ಟಿ ಹೊರಿಸಿಕೊಂಡು ಶಾಲೆಗೇ ಬಂದ. ಶಾಲಾ ಸಮಿತಿಯಲ್ಲೂ ಅವನ ಮಾತೇ ನಡೆಯುತ್ತಿತ್ತು.

"ಮೇಡಮ್ಮಾ, ನೀವು ಓದಿದೋರು. ಇದ್ರಾಗೆ ಗಂಡ್ಯಾವ್ದು, ಎಣ್ಣ್ಯಾವ್ದು, ನೋಡಿ ಏಳ್ಬುಡಿ."

ಒಂದಕ್ಕೆ ಆಗಲೇ ಮದುಮಗಳೆಂದು ಅರಿಶಿನ ಬಳಿದಿದ್ದರು. ಮೇಡಂ ಕೈ ಅದ್ದಿ, ಅದನ್ನು ಮುಂಗಾಲುಗಳ ಹಿಂದೆ ಹಿಡಿದೆತ್ತಿದರು. ಅದು ಕ್ರಕ್ ಕ್ರಕ್ ಎಂದು ಗೊಣಗಿತು.

"ಹೀಗೆ ಹಿಡಿದರೆ 'ಬಿಡು' ಅಂತ ಕೂಗೋದು ಗಂಡು." ಇನ್ನೊಂದರ ಗಂಟಲಿನ ಇಕ್ಕೆಲದ ಕಪ್ಪು ಮಡಿಕೆಗಳನ್ನು ತೋರಿಸಿದರು. "ಇದೂ ಗಂಡೇ. ಸಾಲದ್ದಕ್ಕೆ ಅದು ನೆಲಗಪ್ಪೆ, ಇದು ಕೆರೆಗಪ್ಪೆ. ಜಾತಿಯೇ ಬೇರೆ."

"ಯಜಮಾನ್ರೇ, ಜಾತಿ ಕೆಟ್ಟ ಮದ್ವೆಗೆ ನೀವೇ ಯಜಮಾನ್ಕೆ ವಯಿಸ್ಕೊಂಡ್ರಲ್ಲಾ!" ಎಂದು ಗುಂಪಿನಲ್ಲಿ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಯಜಮಾನನ ಮುಖ ಕಪ್ಪಿಟ್ಟಿತು. ಮೇಡಂ ಅದನ್ನು ಗಮನಿಸಲಿಲ್ಲ. ಕಪ್ಪೆಗೆ ಉಸಿರು ಕಟ್ಟೀತೆಂದು ಅದರ ಮೈಯ ಅರಿಶಿನ ತೊಳೆಯುತ್ತಿದ್ದರು.

ಅದೇ ಜೋಡಿಗೇ ಮದುವೆಯಾಯಿತು. ಮಳೆ ಬರಲಿಲ್ಲ. ಎರಡೂ ಗಂಡೆಂಬ ಮಾತನ್ನು ಯಾರೂ ಎತ್ತಲಿಲ್ಲ. ಟೀ ಅಂಗಡಿಯಲ್ಲಿ ಯಜಮಾನ ಬೇರೆಯೇ ಕಾರಣ ಹೇಳುತ್ತಿದ್ದ: "ತಾಳಿ ಕಟ್ಟೋಕ್ ಮುಂಚೇನೇ ಆ ಯಮ್ಮ ಅರಿಶ್ಣ ತೊಳುದ್ಬುಟ್ಳು. ಗಂಡ ಸತ್ತೋಳು. ಮಳೆ ಎಂಗ್ಲಾ ಬತ್ತದೆ?"

"ಬುಟ್ಟಿ ತಂದು ಕೇಳಿದ್ದು ನೀವೇ ಅಲ್ವೇನ್ರೀ?" ಎಂದೆ.

"ನೋಡಿ ಏಳು ಅಂದ್ವಿ. ಮುಟ್ಟು ಅಂದ್ವಾ ಮೇಷ್ಟ್ರೇ?"

ಸಮಿತಿಯಿಂದ ದೂರು ಹೋಯಿತು. ಸಂಜೆ ಊರಿಗಾಂಗೆ ಹಿಂದಿರುಗಲಾಗದಷ್ಟು ದೂರದ ಊರಿಗೆ ಮೇಡಂಗೆ ವರ್ಗವಾಯಿತು. ಎಲ್ಲರೂ ಒಟ್ಟಾಗಿ ಹೋಗಿ ಶಿಕ್ಷಣ ಇಲಾಖೆಯ ಸಾಹೇಬರನ್ನು ಕೇಳೋಣವೆಂದು ಸಹೋದ್ಯೋಗಿಗಳಿಗೆ ಹೇಳಿದೆ. ಒಬ್ಬರಿಗೆ ಮನೆಯಲ್ಲಿ ಪೂಜೆ, ಇನ್ನೊಬ್ಬರಿಗೆ ಹಲ್ಲುನೋವು. ಒಬ್ಬನೇ ಹೋದೆ. "ಡ್ರಿಲ್ ಮೇಷ್ಟ್ರಿಗೆ ಇದೆಲ್ಲ ಯಾಕ್ರೀ?" ಎಂದು ಸಾಹೇಬರು ಕಡತ ಮುಚ್ಚಿದರು.

"ಮಾವನವರು ಮಲಗಿದರೆ ಉಸಿರು ಸಿಗಲ್ಲ ಸಾರ್. ಕೂರಿಸಿ ಹಿಡ್ಕೋಬೇಕು," ಎಂದು ಮೇಡಂ ಕೆಲಸ ಬಿಟ್ಟರು.

ಮುಂದಿನ ವಾರ ಮಳೆ ಸುರಿಯಿತು. "ಆ ಯಮ್ಮ ಇಸ್ಕೂಲ್ ಬುಟ್ಟು ಓದ್ಳು, ಮಳೆ ಬಂತು" ಎಂದು ಊರು ಹಿಗ್ಗಿತು. ಶಾಲೆಯ ಬಯಲಲ್ಲಿ ನೀರು ನಿಂತು, ನಿಂಬೆಹಳದಿ ಬಣ್ಣದ ಗಂಡುಕಪ್ಪೆಗಳು ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿ ಕೂಗಿದವು. ಮಕ್ಕಳು ಸುತ್ತ ನಿಂತು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಬಲ್ಲವರು ಊರಿಗಾಂನಲ್ಲಿ ಮಾವನ ಬೆನ್ನಿಗೆ ಕೈಯಾನಿಸಿ ಕೂತಿದ್ದರು.

ಮಾವ ಹೋದ ಮೇಲೂ ಅವರಿಗೆ ಮತ್ತೆ ಕೆಲಸ ಸಿಗಲಿಲ್ಲ. ಗಣಿ ಕಾರ್ಮಿಕರ ಲೈನಿನ ಮನೆಯಲ್ಲೇ ಪಾಠ ಹೇಳಿ ಬದುಕಿದರು. ತೊಂಬತ್ತರ ದಶಕದಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಶಾಲೆಯಲ್ಲಿ ಕ್ರೀಡಾಕೂಟ. ಸಂತಾಪ ಸೂಚಿಸಬೇಕೆಂದೆ. ಹೊಸ ಹೆಡ್‌ಮಾಸ್ಟರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ವೇದಿಕೆಯ ಮೇಲಿದ್ದ ಯಜಮಾನ, ಆಗ ಮುದುಕ, "ಅದೇ, ಕಪ್ಪೆ ಮೇಡಮ್ಮು" ಎಂದು ನಕ್ಕ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರ ಹೆಸರು ಹೇಳಿದೆ. ಎರಡು ನಿಮಿಷ ಮೌನ ಎಂದೆ. "ಸಾವಧಾನ್" ಎಂದು ಕೂಗಿದೆ. ಯಜಮಾನ ಕುರ್ಚಿಯಲ್ಲೇ ಕೂತಿದ್ದ. ನಾನು ಅವನನ್ನೇ ನೋಡುತ್ತ ನಿಂತೆ. ಅವನು ಕೋಲೂರಿ ಎದ್ದು ನೆಟ್ಟಗೆ ನಿಲ್ಲುವವರೆಗೆ ಆ ಎರಡು ನಿಮಿಷವನ್ನು ನಾನು ಶುರುಮಾಡಲಿಲ್ಲ.