ಸುಗಟೂರಿನ ನಾಲ್ಕನೇ ಬೆಳೆ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ನನ್ನನ್ನು ಕೋಲಾರಕ್ಕೆ ರೇಷ್ಮೆ ಇನ್ಸ್‌ಪೆಕ್ಟರಾಗಿ ಹಾಕಿದರು. ಕೈಗೆ ಒಂದು ಸೈಕಲ್ಲು, ಒಂದು ಮೈಕ್ರೋಸ್ಕೋಪು ಕೊಟ್ಟರು. ಮೈಕ್ರೋಸ್ಕೋಪಿನ ಮೇಲೆ ನನಗೆ ವಿಪರೀತ ಹೆಮ್ಮೆ. ಹಳ್ಳಿಯವರ ಕಣ್ಣಿಗೆ ಕಾಣದ್ದು ನನಗೆ ಕಾಣುತ್ತದೆ ಎಂಬ ಜಂಬದಲ್ಲಿ ತಿರುಗುತ್ತಿದ್ದ ವಯಸ್ಸು ಅದು.

ಆಗ ರೇಷ್ಮೆ ಸಾಕುವವರನ್ನು ಕಾಡುತ್ತಿದ್ದದ್ದು ಗಂಟು ರೋಗ. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಏಳುತ್ತವೆ. ಸಾಕುವ ಒಂದೇ ತಟ್ಟೆಯಲ್ಲಿ ಹುಳುಗಳು ಒಂದು ದೊಡ್ಡದು, ಒಂದು ಚಿಕ್ಕದಾಗಿ ಬೆಳೆದು ಗೂಡು ಕಟ್ಟದೆ ಸಾಯುತ್ತವೆ. ತಾಯಿ ಚಿಟ್ಟೆಗೆ ರೋಗವಿದ್ದರೆ ಮೊಟ್ಟೆಗೂ ಬರುತ್ತದೆ. ಅದಕ್ಕೇ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗದ ಕಣ ಕಾಣದಿದ್ದರೆ ಮಾತ್ರ ಅದರ ಮೊಟ್ಟೆಯನ್ನು ರೈತರಿಗೆ ಕೊಡುವುದು ನಮ್ಮ ಕೆಲಸ.

ಸುಗಟೂರಿನ ಮುನಿಯಮ್ಮನ ಮನೆಗೆ ನಾನು ಹೋಗುವ ಹೊತ್ತಿಗೆ ಆಕೆಯ ಎರಡು ಬೆಳೆ ಕೆಟ್ಟಿದ್ದವು. ಗಂಡ ತೀರಿಕೊಂಡು ಒಂದು ವರ್ಷ. ಆತ ನೆಟ್ಟ ಅರ್ಧ ಎಕರೆ ಹಿಪ್ಪುನೇರಳೆ ತೋಟವೊಂದೇ ಆಕೆ ತನ್ನದು ಎನ್ನಬಹುದಾದದ್ದು. ಇನ್ನೊಂದು ಬೆಳೆ ಕೆಟ್ಟರೆ ಅದನ್ನು ಕಿತ್ತು ರಾಗಿ ಹಾಕುವುದಾಗಿ ಮೈದುನ ನಾರಾಯಣಪ್ಪ ಹೇಳಿಬಿಟ್ಟಿದ್ದ. ತೋಟ ಹೋದರೆ ಆಕೆ ಆ ಮನೆಯಲ್ಲಿ ಹಂಗಿನ ಊಟ ಉಣ್ಣಬೇಕು.

"ನಾನಿದ್ದೀನಲ್ಲಮ್ಮ" ಎಂದು ಧೈರ್ಯ ಹೇಳಿದೆ. ಶುದ್ಧವಾದ ಮೊಟ್ಟೆ ಕೊಟ್ಟೆ. ಹುಳು ಮನೆಗೆ ಸುಣ್ಣ ಹೊಡೆಸಿ, ಹನ್ನೆರಡು ಬಿದಿರು ತಟ್ಟೆಗಳನ್ನೂ ರೋಗ ಕೊಲ್ಲುವ ಫಾರ್ಮಲಿನ್ ಬೆರೆಸಿದ ನೀರಿನಲ್ಲಿ ತೊಳೆಸಿದೆ. ಬೆಳೆ ಗೆದ್ದಂತೆಯೇ ಎಂದು ಎದೆಯುಬ್ಬಿಸಿಕೊಂಡು ಕೋಲಾರಕ್ಕೆ ಬಂದೆ.

ರೇಷ್ಮೆ ಹುಳು ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿದ್ದು ಪೊರೆ ಕಳಚುತ್ತದೆ. ಅದನ್ನು ಜ್ವರ ಎನ್ನುತ್ತಾರೆ. ಮೂರನೇ ಜ್ವರಕ್ಕೆ ಮತ್ತೆ ಅದೇ ಕಪ್ಪು ಚುಕ್ಕೆ ಬಂತು. ನಾರಾಯಣಪ್ಪ ನನ್ನೆದುರಿಗೇ ಹೇಳಿದ: "ಸಾಕು ಬಿಡಿ ಅತ್ತಿಗೆ. ಸೋಮವಾರ ಗುದ್ದಲಿ ತರ್ತೀನಿ."

ನನ್ನ ಮುಖಕ್ಕೆ ಹೊಡೆದಂತಾಯಿತು. ಆಫೀಸಿಗೆ ಬಂದು, 'ಈ ಮನೆ ರೇಷ್ಮೆ ಸಾಕಣೆಗೆ ಯೋಗ್ಯವಲ್ಲ' ಎಂದು ವರದಿ ಬರೆದು ಕೈ ತೊಳೆದುಕೊಂಡೆ.

ಮಾರನೇ ಬೆಳಿಗ್ಗೆ ಮುನಿಯಮ್ಮ ಆಫೀಸಿನ ಜಗಲಿಯ ಮೇಲೆ ಕೂತಿದ್ದಳು. ಊರಿಂದ ನಡೆದೇ ಬಂದಿದ್ದಳು. ಮುತ್ತುಗದ ಎಲೆಯಲ್ಲಿ ಸುತ್ತಿ ತಂದ ಸತ್ತ ಹುಳುಗಳನ್ನು ನನ್ನ ಮೇಜಿನ ಮೇಲಿಟ್ಟಳು.

"ಮೊಟ್ಟೆ ಶುದ್ಧ ಅಂದ್ರಿ. ಮನೆ ತೊಳೆದ್ವಿ. ಹಂಗಾದ್ರೆ ಇದು ಎಲ್ಲಿಂದ ಬಂತು ಸ್ವಾಮಿ?"

"ಕೆಲವರ ಮನೆಗೆ ರೇಷ್ಮೆ ಆಗಿಬರಲ್ಲಮ್ಮ" ಎಂದೆ. ಮೈಕ್ರೋಸ್ಕೋಪು ಇಟ್ಟುಕೊಂಡವನು ಆಡುವ ಮಾತಲ್ಲ ಅದು.

"ಆ ಮಾತು ಹೇಳೋಕೆ ನಮ್ಮೂರಲ್ಲೇ ಕಣಿ ಹೇಳೋನಿದಾನೆ. ನೀವು ಹುಡುಕಿ. ದೇವರೇ ನನ್ನ ಕೈ ಬಿಟ್ಟಿಲ್ಲ, ನೀವ್ಯಾಕೆ ಬಿಡ್ತೀರಿ?"

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ವರದಿಯನ್ನು ಆಕೆಯ ಎದುರಿಗೇ ಹರಿದು, ಇನ್ನೊಂದು ಸಲ ಮೊಟ್ಟೆ ಕೊಡುವುದಾಗಿ ಹೇಳಿದೆ.

ಸೋಮವಾರ ಆಕೆ ತೋಟದ ಬದುವಿನ ಮೇಲೆ ಹೋಗಿ ನಿಂತಳಂತೆ. "ಹಾಕಪ್ಪ, ಮೊದಲನೇ ಏಟು ನನ್ನ ಕಾಲ ಮೇಲೇ ಹಾಕು" ಎಂದಳಂತೆ. ನಾರಾಯಣಪ್ಪ ಕೆಟ್ಟವನಲ್ಲ. "ಸರೇ, ಇದೊಂದು ಬೆಳೆ ನೋಡೋಣ" ಎಂದು ಗುದ್ದಲಿ ಹೆಗಲಿಗೇರಿಸಿಕೊಂಡು ಹೋದನಂತೆ.

ಈ ಸಲ ಮೊಟ್ಟೆ ಒಡೆಯುವ ದಿನ ಮೈಕ್ರೋಸ್ಕೋಪನ್ನು ಸೈಕಲ್ಲಿಗೆ ಕಟ್ಟಿಕೊಂಡು ನಾನೇ ಹೋದೆ. "ನೀವು ದಿನಾ ಮಾಡೋ ಹಾಗೇ ಮಾಡಿ, ನಾನು ನೋಡ್ತೀನಿ" ಎಂದು ಮೂಲೆಯಲ್ಲಿ ಕೂತೆ. ತೊಳೆದ ಹನ್ನೆರಡು ತಟ್ಟೆಗಳೂ ಸಾಲಾಗಿದ್ದವು. ಮುನಿಯಮ್ಮ ಒಳಗೆ ಹೋಗಿ ದೇವರ ಮೂಲೆಯಿಂದ ಹದಿಮೂರನೆಯದನ್ನು ತಂದಳು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ವರ್ಷವರ್ಷವೂ ಸಗಣಿ ಸಾರಿಸಿ ಸಾರಿಸಿ ಬಿದಿರೇ ಕಾಣದಷ್ಟು ದಪ್ಪವಾಗಿತ್ತು.

"ಇದು ನಮ್ಮತ್ತೇದು. ಮರಿ ಹುಳಕ್ಕೆ ಮೊದಲ ಸೊಪ್ಪು ಇದರಲ್ಲೇ ಹಾಕೋದು. ಇದನ್ನ ತೊಳೆಯಂಗಿಲ್ಲ, ತೊಳೆದ್ರೆ ಅದೃಷ್ಟ ಹೋಗ್ತದೆ."

ಕೋಳಿ ಗರಿಯಿಂದ ಮರಿಗಳನ್ನು ಅದಕ್ಕೆ ಇಳಿಸಹೊರಟವಳನ್ನು ತಡೆದೆ. ತಟ್ಟೆಯಿಂದ ಒಂದು ಚೂರು ಸಗಣಿ ಕೆರೆದು, ನೀರಲ್ಲಿ ಕಲಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಮೊದಲು ಆಕೆ ಆಫೀಸಿಗೆ ತಂದಿದ್ದರಲ್ಲಿ ನಾನು ಎತ್ತಿಟ್ಟುಕೊಂಡಿದ್ದ ಸತ್ತ ಹುಳುವಿನ ರಸ, ಆಮೇಲೆ ಇದು, ಎರಡನ್ನೂ ಆಕೆಗೇ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಎರಡರಲ್ಲೂ ಅದೇ ಮಿಣಮಿಣ ಕಾಳು" ಎಂದಳು. ಕೆಟ್ಟ ಬೆಳೆಯ ರೋಗ ಆ ಸಗಣಿಯಲ್ಲೇ ಉಳಿದು, ಪ್ರತಿ ಸಲ ಹೊಸ ಮರಿಗಳಿಗೆ ಹತ್ತುತ್ತಿತ್ತು.

"ಸುಟ್ಟುಬಿಡೋಣಮ್ಮ" ಎಂದೆ.

"ಸುಡಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ದೇವರಿಗೇ ದಿನಾ ನೀರು ಹುಯ್ತೀವಿ, ಅದಕ್ಕೆ ದೇವರ ಮಹಿಮೆ ಹೋಗ್ತದಾ? ಅತ್ತೆ ತಟ್ಟೆಗೂ ಸ್ನಾನ ಮಾಡಿಸ್ತೀನಿ."

ಊರಾಚೆ ಒಯ್ದು ಸಗಣಿಯನ್ನೆಲ್ಲ ಕೆರೆದು ಸುಟ್ಟಳು. ತಟ್ಟೆಯನ್ನು ಕುದಿಯುವ ನೀರಲ್ಲಿ ಅದ್ದಿ, ಫಾರ್ಮಲಿನ್ನಿನಲ್ಲಿ ನೆನೆಹಾಕಿ, ಬಿಸಿಲಿಗಿಟ್ಟಳು. ಮರಿಗಳನ್ನು ಬೇರೆ ತಟ್ಟೆಗೆ ಇಳಿಸಿದೆವು. ಮೂರನೇ ಜ್ವರ ಕಳೆಯಿತು, ನಾಲ್ಕನೆಯದೂ ಕಳೆಯಿತು. ಒಂದು ಚುಕ್ಕೆಯೂ ಕಾಣಲಿಲ್ಲ. ನಾಲ್ಕು ವಾರಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟಿದಾಗ ನಾರಾಯಣಪ್ಪ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ, "ಪಕ್ಕದ ತುಂಡು ಹೊಲಕ್ಕೂ ಹಿಪ್ಪುನೇರಳೆ ಕಡ್ಡಿ ನೆಡೋಣ್ವಾ ಅತ್ತಿಗೆ?" ಎಂದು ಕೇಳಿದ.

"ಗುದ್ದಲಿ ನಿನ್ನ ಹತ್ರಾನೇ ಇದೆಯಲ್ಲಪ್ಪ" ಎಂದಳು ಮುನಿಯಮ್ಮ.

ನಂಬಿಕೆ ಬಿಡಿಸಿದರೆ ರೋಗ ಬಿಡುತ್ತದೆ ಎಂದುಕೊಂಡಿದ್ದವನು ನಾನು. ಆಕೆ ನಂಬಿಕೆಯನ್ನು ಬಿಡಲಿಲ್ಲ, ತೊಳೆದಿಟ್ಟುಕೊಂಡಳು. ಮೂರು ಸಲ ಸೋತದ್ದು ಆಕೆ, ಒಂದೇ ಸೋಲಿಗೆ ಕೈಚೆಲ್ಲಿದ್ದು ನಾನು. ನಿವೃತ್ತನಾಗುವವರೆಗೂ ನಾನು ಯಾರ ಮನೆಯ ವರದಿಯಲ್ಲೂ 'ಯೋಗ್ಯವಲ್ಲ' ಎಂದು ಬರೆಯಲಿಲ್ಲ. ಕಾರಣ ತಿಳಿಯದಾಗಲೆಲ್ಲ 'ಇನ್ನೂ ಹುಡುಕಬೇಕು' ಎಂದು ಬರೆದು, ಮತ್ತೆ ಸೈಕಲ್ಲು ಹತ್ತಿದೆ.