ಹದಿನೇಳು ಅಡಿ ಕೇಬಲ್

ನವನಗರದ ನಮ್ಮ ಮನೆಗೆ ಇಂಟರ್‌ನೆಟ್ ಬಂದ ವಾರ ನನ್ನ ತಲೆ ಕೆಟ್ಟುಹೋಗಿತ್ತು. ಮಗಳು ಓದುವ ಕೋಣೆಯ ಒಂದು ಮೂಲೆಯಲ್ಲಿ, ನೆಲದ ಹತ್ತಿರ, ಲೈನಿನ ಡಬ್ಬಿ. ಅಲ್ಲಿಂದ ಓರೆಯಾಗಿ ಎದುರಿಗಿರುವ ಮೂಲೆಯಲ್ಲಿ, ಛಾವಣಿಯ ಹತ್ತಿರ ಕೂರಿಸುವ ರೌಟರ್‌ಗೆ ಒಂದು ಕೇಬಲ್ ಎಳೆಯಬೇಕಿತ್ತು, ಅಷ್ಟೇ. ಕಾಲೇಜಿನಲ್ಲಿ ಗಣಿತ ಕಲಿಸುವವನು ನಾನು. ಆದರೆ ಅಳತೆಯ ಕೆಲಸವನ್ನು ಪಿಯುಸಿ ಎರಡನೇ ವರ್ಷದ ಮಗಳು ನನ್ನನ್ನು ಕೇಳದೇ ವಹಿಸಿಕೊಂಡಳು.

ಕೋಣೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಈ ಮೂರನ್ನೂ ಒಂದು ವೆಕ್ಟರಿನ ಮೂರು ಘಟಕ ಮಾಡಿಕೊಂಡು, ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದಳು. ಹದಿನೇಳು ಬಂತು. ತಾರಿಹಾಳದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಫೋನ್ ಹಚ್ಚಿ ಅಷ್ಟೇ ತರಲು ಹೇಳಿದಳು. ಅವನು ಸಂಜೆ ಅಷ್ಟನ್ನೇ ಕತ್ತರಿಸಿಕೊಂಡು ತಂದ. ಗೋಡೆಗುಂಟ ಎಳೆದು ನೋಡಿದರೆ ರೌಟರ್ ಇನ್ನೂ ಎಷ್ಟೋ ದೂರ.

"ಅಪ್ಪಾ, ನನ್ನ ಉತ್ತರ ಏನೂ ತಪ್ಪಿಲ್ಲ" ಎಂದಳು.

"ಹಂಗಾರ ಕೋಣಿ ನಡುವ ಗಾಳ್ಯಾಗ ಕಟ್ಟೂಣೇನು? ಅರಿವಿ ಒಣಹಾಕಾಕರ ಬರ್ತದ" ಎಂದೆ.

ಉತ್ತರ ತಪ್ಪಿರಲಿಲ್ಲ, ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಮೂಲೆಯಿಂದ ಮೂಲೆಗೆ ಸ್ಥಾನಪಲ್ಲಟ ಹದಿನೇಳೇ. ಆದರೆ ಅದು ಗಾಳಿಯಲ್ಲಿ ನೆಟ್ಟಗೆ ಹೋಗುತ್ತದೆ, ಕೇಬಲ್ ಗೋಡೆ ಹಿಡಿದುಕೊಂಡೇ ಹೋಗಬೇಕು. ವರ್ಷಗಟ್ಟಲೆ ತರಗತಿಯಲ್ಲಿ ಇದನ್ನೇ ಬಡಿದುಕೊಂಡವನ ಮನೆಯಲ್ಲೇ ಹೀಗೆ. ರೌಟರ್ ಬಂದಿದ್ದ ರಟ್ಟಿನ ಡಬ್ಬಿ ಬಿಚ್ಚಿ ಚಪ್ಪಟೆ ಹಾಸಿ, ಇದೇ ಕೋಣೆ ಎಂದುಕೋ ಎಂದೆ. ಉದ್ದನೆಯ ಗೋಡೆಯೂ ಛಾವಣಿಯೂ ಒಂದೇ ಹಾಳೆಯಾದ ಮೇಲೆ ಎರಡು ಮೂಲೆಗಳ ನಡುವೆ ಗೆರೆ ಎಳೆದೆ. ಇಪ್ಪತ್ತೊಂದು ಅಡಿಗೆ ತುಸು ಕಡಿಮೆ. ಗೋಡೆ ಬಿಡದೇ ಹೋದರೆ ಇದೇ ಅತಿ ಹತ್ತಿರದ ದಾರಿ ಎಂದು ಗಟ್ಟಿಯಾಗಿ ಸಾರಿದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ರಟ್ಟು ನೋಡಿ, ಗೋಡೆ ನೋಡಿದಳು. "ಮೊನ್ನೆರ ಬಣ್ಣ ಹಚ್ಚಿಸೇವಿ. ಗ್ವಾಡಿ ಮ್ಯಾಲ ಹಿಂಗ ಓರೆ ಎಳದ್ರ ನಾ ಸುಮ್ನಿರಂಗಿಲ್ಲ ನೋಡ್ರಿ."

ಅಲ್ಲಿಗೆ ನನ್ನ ಗಣಿತವೂ ಮುಗಿಯಿತು. ಅಂಚು ಹಿಡಿದು ಹೋದರೆ ಇಪ್ಪತ್ತೊಂಬತ್ತು ಅಡಿ. ತಮ್ಮ ಮರುದಿನ ಯಾರ ಲೆಕ್ಕವನ್ನೂ ಕೇಳದೇ ಒಂದು ಸುರುಳಿಯನ್ನೇ ತಂದು, ತಾನೇ ಏಣಿ ಹತ್ತಿ ಅಂಚಿಗುಂಟ ಮೊಳೆ ಬಡಿದು ಹೋದ.

ಅದರ ಮರುದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಬೂಟು ಹಾಕಿಕೊಳ್ಳುತ್ತಿದ್ದಾಗ ಮಗಳು ಬಂದು ಅಡ್ಡ ನಿಂತಳು. "ಡಬ್ಬಿ ಒಂದ ರೀತಿ ಬಿಚ್ಚಿ ಇದ ಹತ್ರದ ದಾರಿ ಅಂದಿ. ಬ್ಯಾರೆ ರೀತಿ ಬಿಚ್ಚಿ ನೋಡಿದೇನು?"

ನೋಡಿರಲಿಲ್ಲ. ಅವಳು ನೋಡಿದ್ದಳು. ಒಂದು ರೀತಿಯಲ್ಲಿ ಸುಮಾರು ಇಪ್ಪತ್ತೆರಡು, ಇನ್ನೊಂದರಲ್ಲಿ ಅದಕ್ಕೂ ಹೆಚ್ಚು.

"ಅಂದ್ರ ನಾ ಹೇಳಿದ್ದ ಖರೇ ಆತಲ್ಲ" ಎಂದೆ.

"ಆತು. ಆದ್ರ ನೀ ನೋಡದನ ಹೇಳಿದ್ದಿ."

ಹೊರಗೆ ಬಸ್ ಹೋದ ಸದ್ದು ಕೇಳಿಸಿತು. ಒಂದೇ ಬೂಟು ಹಾಕಿಕೊಂಡು ಕೂತು, ಮೂರೂ ಲೆಕ್ಕವನ್ನು ಮೊದಲಿನಿಂದ ತೋರಿಸು ಎಂದೆ.